ಮ್ಯಾಗಜೀನ್: ಪತ್ರಿಕೆಯೋ, ಸಂಚಿಕೆಯೋ, ಕಣಜವೋ?

ಹದಿನೆಂಟನೆಯ ಶತಮಾನದ ಲಂಡನ್ನಿನ ಬರಹಗಾರರ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಹೆಸರು ಬಂದಲ್ಲಿ ಕೈ ತಡೆಯಿತು. ‘ಪತ್ರಿಕೆ’ ಎಂದು ಬರೆದು ಮುಂದೆ ಸಾಗಲು ಮನಸ್ಸು ಒಪ್ಪುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ಎಡ್ವರ್ಡ್ ಕೇವ್ ಎಂಬ ಮುದ್ರಕ 1731ರ ಜನವರಿಯಲ್ಲಿ ಇದನ್ನು ಆರಂಭಿಸಿದ. ಜೋಡು ಹೊಲಿಯುವವನ ಮಗ, ಅಂಚೆ ಕಚೇರಿಯಲ್ಲಿ ದುಡಿದವನು. ಲಂಡನ್ನಿನಲ್ಲಿ ಪ್ರತಿ ತಿಂಗಳೂ ನೂರಾರು ಬಿಡಿ ಹಾಳೆಗಳು ಅಚ್ಚಾಗಿ ಚೆಲ್ಲಾಪಿಲ್ಲಿಯಾಗುತ್ತವೆ, ಒಳ್ಳೆಯ ಬರಹವೂ ಅವುಗಳ ಜೊತೆ ಕಳೆದುಹೋಗುತ್ತದೆ ಎಂಬುದು ಅವನ ಕೊರಗು. ಅವುಗಳಿಂದ ಆಯ್ದದ್ದನ್ನು ಒಂದೆಡೆ ಕೂಡಿಡಲು ಹೊರಟು, ಅದಕ್ಕೆ ‘ಮ್ಯಾಗಜೀನ್’ ಎಂಬ ದಾಸ್ತಾನುಮನೆಯ ಹೆಸರಿಟ್ಟ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಸರಕಿನ ಮಳಿಗೆ, ಮದ್ದುಗುಂಡಿನ ಕೋಠಿ ಎಂಬ ಅರ್ಥಗಳಿದ್ದವು. ಮಾಹಿತಿ ತುಂಬಿದ ಪುಸ್ತಕಗಳಿಗೂ ಆ ಹೆಸರಿಡುತ್ತಿದ್ದರು. ನಿಯತವಾಗಿ ಬರುವ ಪ್ರಕಟಣೆಗೆ ಅದನ್ನು ಹಚ್ಚಿದವನು ಕೇವ್. ಸ್ಯಾಮ್ಯುಯೆಲ್ ಜಾನ್ಸನ್ ಬರವಣಿಗೆಯಿಂದಲೇ ಹೊಟ್ಟೆ ಹೊರೆಯಲು ಕಲಿತದ್ದು ಇಲ್ಲಿ. 1755ರ ತನ್ನ ನಿಘಂಟಿನಲ್ಲಿ ಈ ಪದದ ಹೊಸ ಅರ್ಥವನ್ನು ದಾಖಲಿಸಿ, ಅದು ಕೇವ್‌ನ ಮ್ಯಾಗಜೀನಿನಿಂದ ಬಂತೆಂದು ಹೆಸರು ಹಿಡಿದೇ ಬರೆದಿದ್ದಾನೆ. ಒಡೆಯ ತೀರಿಕೊಂಡ ಮರುವರ್ಷ ಬಂದ ಆ ನಮೂದು ನನಗೆ ಋಣಸಂದಾಯದಂತೆ ಕಾಣುತ್ತದೆ.

ಈಗ ನಮ್ಮ ‘ಪತ್ರಿಕೆ’ಯನ್ನು ನೋಡಿ. ಪತ್ರವೆಂದರೆ ಎಲೆ, ಹಾಳೆ. ಕೇವ್ ಯಾವ ಬಿಡಿ ಹಾಳೆಗಳು ಕಳೆದುಹೋಗಬಾರದೆಂದು ಉಗ್ರಾಣ ಕಟ್ಟಿದನೋ, ಆ ಹಾಳೆಯ ಹೆಸರನ್ನೇ ಉಗ್ರಾಣಕ್ಕೆ ಇಟ್ಟಂತಾಯಿತು!

ಮ್ಯಾಗಜೀನ್ ನಮಗೆ ತೀರ ಪರಕೀಯ ಪದವೂ ಅಲ್ಲ. ಅರಬ್ಬಿಯ ‘ಮಖಾಜಿನ್’, ಅಂದರೆ ಉಗ್ರಾಣಗಳು, ಇಟಲಿ ಮತ್ತು ಫ್ರಾನ್ಸಿನ ಭಾಷೆಗಳ ದಾರಿಯಲ್ಲಿ ಇಂಗ್ಲಿಷಿಗೆ ಹೋಯಿತು. ಅದೇ ಧಾತುವಿನ ಇನ್ನೊಂದು ಕವಲು ಪಾರಸಿಯ ಮೂಲಕ ಬಂದು ಇಲ್ಲಿ ‘ಖಜಾನೆ’, ‘ಖಜಾಂಚಿ’ ಆಗಿ ನೆಲೆಯಾಯಿತು. ಕಲ್ಲುಗಣಿಗಳಲ್ಲಿ ಸಿಡಿಮದ್ದು ಇಡುವ ಕೋಣೆಗೆ ಇಂದಿಗೂ ಮ್ಯಾಗಜೀನ್ ಎಂದೇ ಹೆಸರು. ಶ್ರೀರಂಗಪಟ್ಟಣದಲ್ಲಿ ಅದನ್ನೇ ‘ಮದ್ದಿನಮನೆ’ ಎನ್ನುತ್ತೇವೆ.

ಕನ್ನಡದಲ್ಲಿ ಹತ್ತಿರ ಬರುವುದು ‘ಸಂಚಿಕೆ’. ಸಂಚಯದ ಅರ್ಥ ಅದರೊಳಗಿದೆ, ಕಾಲೇಜು ಮ್ಯಾಗಜೀನನ್ನು ‘ವಾರ್ಷಿಕ ಸಂಚಿಕೆ’ ಎನ್ನುವುದೂ ರೂಢಿ. ಆದರೆ ‘ಜನವರಿ ಸಂಚಿಕೆ’ ಎಂದಾಗ ಅದು ಒಂದು ಬಿಡಿ ಅಂಕವಷ್ಟೆ. ಇಡೀ ಪ್ರಕಟಣೆಗೆ ಅದನ್ನು ಬಳಸಿದರೆ ಓದುಗರು ಎಡವುತ್ತಾರೆ. ‘ಭಂಡಾರ’ದಲ್ಲಿ ಸಿರಿಯ ಠೀವಿ ಹೆಚ್ಚು. ನನ್ನ ಒಲವು ‘ಕಣಜ’ದ ಕಡೆಗೆ. ಬೇರೆಯವರ ಹೊಲದ ಬೆಳೆಯನ್ನು ತೂರಿ, ಕಾಳು ಉಳಿಸಿ, ತುಂಬಿಡುವುದೇ ಕೇವ್‌ನ ಮೊದಮೊದಲ ಸಂಚಿಕೆಗಳ ಕೆಲಸವಾಗಿತ್ತು. ಕನ್ನಡದ ಜ್ಞಾನಕೋಶದ ಜಾಲತಾಣವೊಂದಕ್ಕೆ ಆ ಹೆಸರು ಆಗಲೇ ಒಪ್ಪಿದೆಯಲ್ಲ.

ಇನ್ನೊಂದು ತೊಡಕಿದೆ. 1907ರ ನಂತರ ಓದುಗರ ಪಾಲಿಗೆ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಮುಗಿದಂತೆಯೇ. ಆದರೂ ಹೆಸರನ್ನು ಅಚ್ಚಿನಲ್ಲಿ ಉಳಿಸಲೆಂದೇ ನಾಲ್ಕು ನಾಲ್ಕು ಪುಟಗಳ ಸಂಚಿಕೆಗಳನ್ನು ಕೆಲವೇ ಪ್ರತಿಗಳಲ್ಲಿ 1922ರವರೆಗೂ ಮುದ್ರಿಸಿದರು. ಆ ಹದಿನೈದು ವರ್ಷಗಳಿಗೆ ‘ನಿಂತುಹೋದ’ ಎಂದರೆ ತಪ್ಪು, ‘ನಡೆಯುತ್ತಿದ್ದ’ ಎಂದರೂ ತಪ್ಪು. ಸದ್ಯಕ್ಕೆ ‘ಬರಿದಾದ ಕಣಜ’ ಎಂದು ಬರೆದಿಟ್ಟಿದ್ದೇನೆ. ನಿಮ್ಮ ಊರಿನ ಕಡೆ ಕಾಳು ತೀರಿದ ಮೇಲೂ ಬಾಯಿ ಮುಚ್ಚಿ ಮೆತ್ತಿಟ್ಟ ಕಣಜಕ್ಕೋ ಹಗೇವಿಗೋ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.