ಹಳೆಯ ಫಿಯೆಟ್ ಡಿಲೈಟ್‌ಗೆ ಪದ್ಮಿನಿಯ ಬಾಗಿಲು ಕೂರುತ್ತದೆಯೇ?

ಪ್ರಶ್ನೆ: ಆಲ್ದೂರು ತೋಟದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಕಾಲದ 1968ರ ಫಿಯೆಟ್ 1100 ಡಿಲೈಟ್ ಇಂದಿಗೂ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿದೆ. ಎಂಜಿನ್ ಚೆನ್ನಾಗಿದ್ದು, ಆಗಾಗ ಚಿಕ್ಕಮಗಳೂರಿನ ಪೇಟೆಯವರೆಗೂ ಓಡಿಸುತ್ತೇವೆ. ತೊಂದರೆ ಇರುವುದು ಡ್ರೈವರ್ ಬದಿಯ ಮುಂದಿನ ಬಾಗಿಲಿನಲ್ಲಿ. ಅದರ ಕೆಳ ಅಂಚಿಗೆ ತುಕ್ಕು ಹಿಡಿದು, ಉಗುರಿನಿಂದ ಒತ್ತಿದರೂ ತಗಡು ಪದರ ಪದರವಾಗಿ ಉದುರುತ್ತದೆ. ಗಾಜು ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ, ಬಾಗಿಲನ್ನು ಹಾಕಬೇಕಾದರೆ ಸ್ವಲ್ಪ ಎತ್ತಿ ತಳ್ಳಬೇಕು.

ಹಾಸನದ ಗುಜರಿ ಅಂಗಡಿಯೊಂದರಲ್ಲಿ 1980ರ ದಶಕದ ಪ್ರೀಮಿಯರ್ ಪದ್ಮಿನಿ ಕಾರಿನ ಬಾಗಿಲುಗಳಿವೆ. ಅಂಗಡಿಯವರು, ‘ಫಿಯೆಟ್ ಅಂದ್ರೆ ಎಲ್ಲಾ ಒಂದೇ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿಸಿ’ ಎನ್ನುತ್ತಾರೆ. ನಮ್ಮ ಕಡೆಯ ಟಿಂಕರ್ ಕೆಲಸದವರು ಇಷ್ಟು ವರ್ಷಗಳ ಅಂತರವಿರುವ ಬಾಗಿಲು ಕೂರುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತಾರೆ. ಇಡೀ ಬಾಗಿಲನ್ನು ತರಬೇಕೋ, ಲಾಕ್ ಮತ್ತು ಗಾಜನ್ನು ಏರಿಸಿ ಇಳಿಸುವ ಮೆಷಿನ್ ಮಾತ್ರ ಸಾಕೋ ತಿಳಿಯುತ್ತಿಲ್ಲ. ಮುಂದೆ ವಿಂಟೇಜ್ ನೋಂದಣಿ ಮಾಡಿಸುವ ಆಲೋಚನೆಯೂ ಇರುವುದರಿಂದ, ಬಾಗಿಲು ಬದಲಿಸಿದರೆ ಅದಕ್ಕೆ ಅಡ್ಡಿಯಾದೀತೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಬಾಡಿ ಕೆಲಸ, ಹಾಸನ

ನಮಸ್ಕಾರ ಸಾರ್. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಕಾರಿನ ಹೆಸರನ್ನಾಗಲಿ, ಆರ್‌ಸಿಯಲ್ಲಿರುವ ವರ್ಷವನ್ನಾಗಲಿ ನೋಡಿ ಬಾಗಿಲು ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. 1964ರಲ್ಲಿ ಬಂದ 1100 ಡಿ (ಅಂದರೆ ನಿಮ್ಮ ಡಿಲೈಟ್), 1972ರ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪದ್ಮಿನಿ, ಹೀಗೆ ಹೆಸರು ಬದಲಾಯಿತೇ ಹೊರತು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಬಾಡಿ ಮೂಲತಃ ಒಂದೇ. ಮಾರುತಿ 800ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೆಸರು ಒಂದೇ ಉಳಿದು ಬಾಡಿ ಬದಲಾಯಿತು. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾದರಿಗೆ, 1986ರಲ್ಲಿ ಬಂದ ಹೊಸ ಬಾಡಿಯ ಬಾಗಿಲು ಹೊಂದುವುದಿಲ್ಲ. ಇನ್ನು ‘ಫಿಯೆಟ್ ಎಲ್ಲಾ ಒಂದೇ’ ಎಂಬ ಮಾತನ್ನಂತೂ ಒಪ್ಪಲಾಗದು. 1954ರ ಮಿಲ್ಲೆಚೆಂತೊ, ಅಂದರೆ ನಮ್ಮವರು ಡುಕ್ಕರ್ ಫಿಯೆಟ್ ಎನ್ನುವ ಗಾಡಿಯಲ್ಲಿ, ಮುಂದಿನ ಬಾಗಿಲಿನ ಹಿಂಜ್ ಇರುವುದು ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ನಡುಗಂಬದ ಮೇಲೆ. ನಿಮ್ಮ ಗಾಡಿಯಲ್ಲಿ ಅದು ಮುಂಗಂಬದ ಮೇಲಿದೆ. ಡುಕ್ಕರ್ ಫಿಯೆಟ್‌ನ ಬಾಗಿಲು ಪುಕ್ಕಟೆ ಸಿಕ್ಕರೂ ನಿಮ್ಮ ಕೆಲಸಕ್ಕೆ ಬಾರದು.

ಹಾಗಾದರೆ ಪದ್ಮಿನಿಯ ಬಾಗಿಲು ತರಬಹುದೇ ಎಂದರೆ, ಬಾಗಿಲಿನ ತಗಡನ್ನೂ ಅದರ ಒಳಗಿನ ಸಾಮಾನನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ತಗಡಿನ ಹೊರರೇಖೆ ಮತ್ತು ಹಿಂಜ್‌ನ ಜಾಗ ಹೊಂದಿಕೊಳ್ಳುವ ಸಂಭವವೇ ಹೆಚ್ಚು. ಎಡವಟ್ಟಾಗುವುದು ಲಾಕ್, ಹೊರಗಿನ ಹ್ಯಾಂಡಲ್, ಗಾಜಿನ ಮೆಷಿನ್, ಕ್ವಾರ್ಟರ್ ಗ್ಲಾಸ್ (ಮೂಲೆಯ ಸಣ್ಣ ತ್ರಿಕೋನ ಗಾಜು) ಮತ್ತು ಒಳಹೊದಿಕೆಯ ಪ್ಯಾಡ್ ಕ್ಲಿಪ್‌ಗಳ ತೂತುಗಳಲ್ಲಿ. ಇವನ್ನು ಪೂರೈಸುವವರು ಕಾಲಕಾಲಕ್ಕೆ ಬದಲಾಗಿರುತ್ತಾರೆ. ಮೇಲಾಗಿ ಐವತ್ತು ವರ್ಷ ಓಡಿದ ಗಾಡಿಗೆ ಹಿಂದೆ ಯಾರು ಯಾವುದನ್ನು ತಂದು ಜೋಡಿಸಿದ್ದಾರೋ ಬಲ್ಲವರಿಲ್ಲ. ಆದ್ದರಿಂದ ನಿಮ್ಮ ಬಾಗಿಲಿನ ಪ್ಯಾಡ್ ಬಿಚ್ಚಿ, ದಪ್ಪ ರಟ್ಟನ್ನು ಒತ್ತಿ ಹಿಡಿದು, ಲಾಕಿನ ಮತ್ತು ಮೆಷಿನ್ನಿನ ತೂತುಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಂಡು, ಆ ರಟ್ಟನ್ನೇ ಗುಜರಿಗೆ ಒಯ್ಯಿರಿ. ಗಾಜು ಸುತ್ತುವ ಹ್ಯಾಂಡಲ್ ಕೂರುವ ಹಲ್ಲಿನ ಕಡ್ಡಿಯನ್ನೂ ನಿಮ್ಮ ಹ್ಯಾಂಡಲ್ ಹಾಕಿಯೇ ನೋಡಿ. ಕಣ್ಣಂದಾಜಿಗೆ ಒಂದೇ ಎನಿಸಿದರೂ ಹಲ್ಲಿನ ಅಳತೆ ಬೇರೆಯಾದರೆ ಅದು ಜಾರುತ್ತದೆ. ಲಾಕನ್ನು ಬದಲಿಸುವುದಾದರೆ ಕಂಬದ ಮೇಲೆ ಲಾಕ್ ಕಚ್ಚಿಕೊಳ್ಳುವ ಸ್ಟ್ರೈಕರನ್ನೂ ಅದೇ ಗಾಡಿಯಿಂದ ಜೊತೆಯಾಗಿಯೇ ತೆಗೆದುಕೊಳ್ಳಬೇಕು. ಹಳೆಯ ಸ್ಟ್ರೈಕರಿಗೆ ಬೇರೆ ಲಾಕ್ ಸಿಕ್ಕಿಸಿದರೆ ಶೆಡ್ಡಿನಲ್ಲಿ ಕ್ಲಿಕ್ ಎನ್ನುತ್ತದೆ, ಚಾರ್ಮಾಡಿಯ ತಿರುವಿನಲ್ಲಿ ತೆರೆದುಕೊಳ್ಳುತ್ತದೆ.

ಗಾಜಿನ ವಿಷಯದಲ್ಲಿ ಒಂದು ಎಚ್ಚರಿಕೆ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜು ಅಳತೆಗೆ ಹೊಂದದಿದ್ದರೆ ಅದನ್ನು ಕತ್ತರಿಸಲಾಗದು. ಅಂಚು ಉಜ್ಜಿದರೂ ಪುಡಿಪುಡಿಯಾಗಬಹುದು. ನಿಮ್ಮ ಗಾಜು ಅರ್ಧಕ್ಕೆ ನಿಲ್ಲಲು ಮೆಷಿನ್ನೇ ಕಾರಣ ಎಂದು ತೀರ್ಮಾನಿಸುವ ಮೊದಲು ಎರಡೂ ಬದಿಯಲ್ಲಿ ಗಾಜು ಜಾರುವ ಫೆಲ್ಟ್ ಚಾನಲ್ ನೋಡಿ. ಮಲೆನಾಡಿನ ತೇವಕ್ಕೆ ಫೆಲ್ಟ್ ಊದಿಕೊಂಡು, ಅದರೊಳಗಿನ ತಗಡು ತುಕ್ಕು ಹಿಡಿದು ಉಬ್ಬಿ ಗಾಜನ್ನು ಕಚ್ಚಿಕೊಳ್ಳುವುದೇ ಹೆಚ್ಚು.

ಉತ್ತರ: ಹಳೇ ಗಾಡಿ, ಸಕಲೇಶಪುರ

ಮೇಲಿನವರು ತಗಡಿನ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ನೋಂದಣಿಯ ಬಗ್ಗೆ ನಾನು ಹೇಳುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರದ ವಾಹನವನ್ನು ವಿಂಟೇಜ್ ಎಂದು ಪರಿಗಣಿಸಲಾಗುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ; ನೋಂದಣಿಯ ಅವಧಿ 10 ವರ್ಷ. ಅದೇ ಆಕಾರದ, ಅದೇ ಹಿಂಜ್‌ಗೆ ಬೋಲ್ಟ್ ಹಾಕಿ ಕೂರಿಸಿದ ಬಾಗಿಲು ಮಾರ್ಪಾಡಲ್ಲ, ದುರಸ್ತಿ ಎಂಬುದು ನನ್ನ ತಿಳಿವಳಿಕೆ. ಆದರೆ ಹ್ಯಾಂಡಲ್ ಕೂರಿಸಲು ಹೊರತಗಡನ್ನು ಕೊರೆದು ರೂಪ ಬದಲಿಸಿದರೆ ಆಕ್ಷೇಪಣೆಗೆ ನಾವೇ ದಾರಿ ಮಾಡಿಕೊಟ್ಟಂತೆ. ಕೆಲಸಕ್ಕೆ ಮುಂಚೆ ಮತ್ತು ನಂತರದ ಫೋಟೊಗಳನ್ನು ಇಟ್ಟುಕೊಂಡು, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಮಾತು, ಕೇಳದಿದ್ದರೂ ಹೇಳಬೇಕೆನಿಸಿತು. ವಿಂಟೇಜ್ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಮುಂತಾದವಕ್ಕಷ್ಟೇ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪೇಟೆಗೆ ಸಾಮಾನು ತರಲು ಹೋಗುವ ಅಭ್ಯಾಸ ಬಿಡಲು ಮನಸ್ಸಿಲ್ಲದಿದ್ದರೆ ಈಗಿರುವ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗುವುದು ಮೇಲು.

ಪ್ರಶ್ನೆ ಕೇಳಿದವರು: ಆಲ್ದೂರು ತೋಟದ ಮನೆ

ಇಬ್ಬರಿಗೂ ಧನ್ಯವಾದಗಳು. ರಟ್ಟಿನ ಅಳತೆ ತೆಗೆದಿದ್ದೇನೆ, ಚಾನಲ್ ನಿಜಕ್ಕೂ ಉಬ್ಬಿದೆ. ಬಾಗಿಲನ್ನು ಎತ್ತಿ ಹಾಕಬೇಕಾಗಿರುವುದಕ್ಕೂ ಬಾಗಿಲು ಬದಲಿಸಿದರೆ ಪರಿಹಾರ ಸಿಗುತ್ತದೆಯೇ?

ಉತ್ತರ: ಬಾಡಿ ಕೆಲಸ, ಹಾಸನ

ಅದನ್ನು ಮೊದಲೇ ಪರೀಕ್ಷಿಸಿ ಸಾರ್, ಅದರ ಮೇಲೆಯೇ ಉಳಿದೆಲ್ಲ ಖರ್ಚು ನಿಂತಿದೆ. ಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ. ಹಿಂಜ್‌ನ ಗೆಣ್ಣು ಅಲುಗಾಡಿದರೆ ಪಿನ್ನು ಸವೆದಿದೆ ಎಂದರ್ಥ. ಲೇತ್ ಕೆಲಸದವರು ಹೊಸ ಪಿನ್ನು, ಬುಷ್ ಮಾಡಿಕೊಡುತ್ತಾರೆ. ಹಿಂಜ್ ಗಟ್ಟಿಯಾಗಿದ್ದು ಕಂಬದ ತಗಡೇ ಮಿಸುಕಿದರೆ ಕಂಬ ಸೀಳಿರುತ್ತದೆ. ಎರಡೂ ಸರಿಯಿದ್ದರೆ, ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನು ಗುರುತು ಮಾಡಿಕೊಂಡು, ಮುಂದಿನ ಜಾಕಿನ ಜಾಗದಲ್ಲಿ ಹಲಗೆ ಕೊಟ್ಟು ಗಾಡಿಯನ್ನು ನಿಧಾನವಾಗಿ ಎತ್ತಿ. ಸಂದು ಎದ್ದು ಕಾಣುವಷ್ಟು ಬದಲಾದರೆ ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ತಗಡಿನ ತೊಲೆ, ಅಂದರೆ ಸಿಲ್, ಒಳಗಿನಿಂದ ಕೊಳೆತು ಹೋಗಿದೆ. ಈ ಗಾಡಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಸಿಲ್ ಸೋತರೆ ಬಾಡಿ ನಡುವೆ ಜಗ್ಗುತ್ತದೆ, ಆಗ ಹೊಚ್ಚ ಹೊಸ ಬಾಗಿಲು ತಂದರೂ ಎತ್ತಿಯೇ ಹಾಕಬೇಕು.

ಸಿಲ್ ಗಟ್ಟಿಯಾಗಿದ್ದು, ತುಕ್ಕು ಬಾಗಿಲಿನ ಕೆಳ ಅಂಚಿಗಷ್ಟೇ ಸೀಮಿತವಾಗಿದ್ದರೆ, ನಾನಂತೂ ನಿಮ್ಮ ಬಾಗಿಲನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ. ಕೊಳೆತ ಭಾಗವನ್ನು ಪಟ್ಟಿಯಾಗಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಸಿಒ2 ವೆಲ್ಡಿಂಗ್‌ನಲ್ಲಿ ಬಿಟ್ಟು ಬಿಟ್ಟು ಹೊಲಿಗೆ ಹಾಕಿದಂತೆ ಕೂಡಿಸಬಹುದು. ಗ್ಯಾಸ್ ವೆಲ್ಡಿಂಗ್ ಒಂದೇ ಎಳೆತಕ್ಕೆ ಎಳೆದರೆ ಶಾಖಕ್ಕೆ ತಗಡು ಅಲೆಯಲೆಯಾಗಿ ಏಳುತ್ತದೆ, ಆಮೇಲೆ ಅದನ್ನು ಮುಚ್ಚಲು ಪುಟ್ಟಿ ಮೆತ್ತುತ್ತಾರೆ. ಬಾಗಿಲ ತಳದ ನೀರು ಹೋಗುವ ತೂತುಗಳನ್ನು ಮುಚ್ಚದಂತೆ ಟಿಂಕರ್‌ಗೆ ಹೇಳಿ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಹೊರಹೋಗಲು ಅದೊಂದೇ ದಾರಿ, ನಿಮ್ಮ ಬಾಗಿಲು ಕೊಳೆತದ್ದೂ ಬಹುಶಃ ಅವು ಕಟ್ಟಿಕೊಂಡೇ. ಗುಜರಿಯ ಬಾಗಿಲನ್ನು ಮೆಷಿನ್ನಿಗಾಗಿ ಕೊಳ್ಳುವುದಾದರೆ ಬಲಬದಿಯದ್ದನ್ನೇ ಕೇಳಿ, ಹಿಂಜ್ ಸಮೇತ ಬಿಚ್ಚಿಸಿಕೊಳ್ಳಿ. ಪೇಂಟ್ ಮಾಡಿಸುವ ಮೊದಲೇ ಗಾಡಿಗೆ ಸಿಕ್ಕಿಸಿ ಸಂದು ನೋಡಿ.