‘ಮೈ ತಣ್ಣಗೆ ಮಾಡುವ’ ಚಿಕಿತ್ಸೆಗೆ ಏನನ್ನಬೇಕು?

ಗೆಳೆಯರೇ,

ಒಂದು ಪದಕ್ಕಾಗಿ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ನಮ್ಮದು ಗಂಗಾವತಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದು ಇಲ್ಲಿ ಮಾಮೂಲು. ನಮ್ಮ ಕಾಕಾನ ಮಗ ಹೋದ ತಿಂಗಳು ನಿದ್ದೆಗಣ್ಣಲ್ಲಿ ಎದ್ದವನು ಕೆಳಗೆ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿದೆ. ಆಪರೇಶನ್ ಆಗಿ ಈಗ ಮನೆಯಲ್ಲಿದ್ದಾನೆ. ಅವನ ಹೆಂಡತಿ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಬರಹ ತೋರಿಸಿ, “ಭಾವಾರ, ಇದರಾಗ ಏನೈತಿ, ಕನ್ನಡದಾಗ ಹೇಳ್ರಿ” ಎಂದಳು. ಥೆರಪ್ಯೂಟಿಕ್ ಹೈಪೋಥರ್ಮಿಯಾ ಬಗ್ಗೆ ಇತ್ತು. ನಾನು ಸುಮ್ನೆ “ಮೈ ತಣ್ಣಗ ಮಾಡಿ ಇಡ್ತಾರಂತ” ಅಂದುಬಿಟ್ಟೆ. ಒಳಗಿಂದ ಚಿಗವ್ವ ಗದರಿಸಿದಳು: “ಬಿಡ್ತು ಅನ್ನೋ! ಸಂಜಿಮುಂದ ಎಂಥಾ ಮಾತ ಆಡ್ತಿ?”

ತಪ್ಪು ನನ್ನದೇ. ನಮ್ಮ ಕಡೆ ‘ಮೈ ತಣ್ಣಗಾತು’ ಅಂದರೆ ಜೀವ ಹೋಯಿತು ಅಂತಲೇ. ‘ನಿನ್ನ ಹೊಟ್ಟಿ ತಣ್ಣಗಿರಲಿ’ ಅಂತ ಹರಸುವವರೂ ಇದೇ ಜನ. ಹೊಟ್ಟೆ ತಣ್ಣಗಿರಬಹುದು, ಮೈ ತಣ್ಣಗಾಗಬಾರದು!

ಮೊದಲು ವಿಷಯ ಹೇಳುತ್ತೇನೆ. ಬೆನ್ನುಹುರಿಗೆ ಪೆಟ್ಟು ಎರಡು ಸಲ ಬೀಳುತ್ತದೆ. ಬಿದ್ದಾಗಿನದು ಒಂದು. ಆಮೇಲೆ ಬಾವು ಬಂದು, ರಕ್ತ ಸರಿಯಾಗಿ ಹರಿಯದೆ, ಉಳಿದಿದ್ದ ನರಗಳೂ ಸಾಯುತ್ತಾ ಹೋಗುವುದು ಇನ್ನೊಂದು. ಮೈ ತಂಪಾಗಿದ್ದರೆ ಜೀವಕೋಶಗಳಿಗೆ ಆಮ್ಲಜನಕ ಕಡಿಮೆ ಸಾಕು, ಈ ಎರಡನೇ ಹಾಳು ನಿಧಾನವಾಗುತ್ತದೆ ಎಂಬುದು ಲೆಕ್ಕ. 2007ರ ಸೆಪ್ಟೆಂಬರಿನಲ್ಲಿ ಕೆವಿನ್ ಎವರೆಟ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಕುತ್ತಿಗೆ ಮುರಿದಾಗ ಆಂಬುಲೆನ್ಸಿನಲ್ಲೇ ತಣ್ಣನೆಯ ಸಲೈನ್ ಏರಿಸಿದ್ದರು. ಅವನು ಮುಂದೆ ಎದ್ದು ನಡೆದ. ತಂಪಿನಿಂದಲೋ, ಬೇಗ ಆಪರೇಶನ್ ಆಗಿದ್ದರಿಂದಲೋ ಎಂದು ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಮಯಾಮಿಯ ವೈದ್ಯರು 14 ಜನರಿಗೆ ರಕ್ತನಾಳದಲ್ಲಿ ಕೊಳವೆ ಇಟ್ಟು, ಮೈಯನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 48 ತಾಸು ಅಲ್ಲೇ ಹಿಡಿದಿಟ್ಟು ನೋಡಿದರು. ಎಲ್ಲ ಕಡೆ ಕೊಡುವ ಚಿಕಿತ್ಸೆಯಾಗಿ ಇದಿನ್ನೂ ನೆಲೆ ನಿಂತಿಲ್ಲ. ನಂಜು, ನ್ಯುಮೋನಿಯಾದ ಭಯವೂ ಇದೆ. ಕೊಟ್ಟರೂ ಪೆಟ್ಟಾದ ಕೆಲವೇ ತಾಸಿನಲ್ಲಿ ಶುರುವಾಗಬೇಕು. ನಮ್ಮ ಹುಡುಗನಿಗೆ ಆ ಹೊತ್ತು ದಾಟಿದೆ. ಅದನ್ನು ಅವನ ಹೆಂಡತಿಗೆ ಹೇಳುವುದಕ್ಕಾದರೂ ಒಂದು ಒಳ್ಳೆ ಮಾತು ಬೇಕಲ್ವಾ?

‘ಶೀತ ಚಿಕಿತ್ಸೆ’ ಅಂದರೆ ನೆಗಡಿಗೆ ಮದ್ದು ಅಂದುಕೊಳ್ಳುತ್ತಾರೆ. ‘ಶೀತಲೀಕರಣ’ ಕೇಳಿದರೆ ನನಗೇ ಮೆಣಸಿನಕಾಯಿ ಚೀಲ ಪೇರಿಸಿದ ಕೋಲ್ಡ್ ಸ್ಟೋರೇಜ್ ಕಣ್ಣಿಗೆ ಬರುತ್ತದೆ. ‘ನ್ಯೂನೋಷ್ಣತೆ’ ಅಂತ ಕಟ್ಟಬಹುದು, ಆದರೆ ನ್ಯೂನ ಅಂದರೆ ಕೊರತೆ. ಇಲ್ಲಿ ಬೇಕಂತಲೇ ಇಳಿಸುವುದು. ‘ಕಾವು ಇಳಿಸುವುದು’ ಅಚ್ಚಗನ್ನಡವೇನೋ ಹೌದು, ಆದರೆ ಜ್ವರ ಬಂದವರಿಗೆ ಹೇಳುವ ಮಾತದು. ಇಂಗ್ಲಿಷಿನವರ ಪಾಡೂ ಇದೇ. ಹಿಮದಲ್ಲಿ ಸಿಕ್ಕಿ ಸಾಯುವವನಿಗೂ ಹೈಪೋಥರ್ಮಿಯಾ, ಆಸ್ಪತ್ರೆಯಲ್ಲಿ ಮಾಡುವುದಕ್ಕೂ ಹೈಪೋಥರ್ಮಿಯಾ. ಹೃದಯ ನಿಂತು ಬದುಕಿದವರ ಚಿಕಿತ್ಸೆಯಲ್ಲಿ ಆ ಪದ ಹಿಂದೆ ಸರಿದು, ‘ಗುರಿ ಇಟ್ಟ ಟೆಂಪರೇಚರ್’ ಎಂಬ ಅರ್ಥದ ಹೆಸರು ಬಂತು.

ನನಗೆ ಹೊಳೆದದ್ದು ‘ಹದ’. ಇಳಿಯುವುದು 37ರಿಂದ 33ಕ್ಕೆ, ನಾಲ್ಕೇ ಡಿಗ್ರಿ. ಜಾಸ್ತಿ ಇಳಿದರೆ ಹೃದಯದ ಬಡಿತ ತಪ್ಪುತ್ತದೆ, ಸಾಲದಿದ್ದರೆ ಕೆಲಸಕ್ಕೆ ಬಾರದು. ‘ಭೂಮಿ ಹದಕ್ಕ ಬಂದೈತಿ’ ಅನ್ನುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ತಂಪು’ ಪದಕ್ಕೂ ನಮ್ಮಲ್ಲಿ ಮೈಲಿಗೆ ಇಲ್ಲ. ತಂಪೊತ್ತಿನಾಗ ಹೊಲಕ್ಕೆ ಹೋಗುತ್ತೇವೆ. ಅದಕ್ಕೇ ‘ಹದತಂಪು’ ಎಂದರೆ ಹೇಗೆ? ‘ಹದತಂಪಿನಲ್ಲಿ ಇಡುವುದು’. ಚಿಗವ್ವನ ಮುಂದೆ ಅಂದು ನೋಡಿದೆ. “ಹಂಗನ್ನು ಮತ್ತ” ಎಂದಳು, ಅಷ್ಟೇ.

ಮೈಸೂರು, ಮಂಗಳೂರು ಕಡೆಯವರಿಗೆ ‘ಹದತಂಪು’ ಕೇಳಿದ ತಕ್ಷಣ ಏನು ಅನಿಸುತ್ತದೆ? ಅಡುಗೆಯ ಹದ ಮಾತ್ರ ನೆನಪಾಗುತ್ತದಾ? ನಿಮ್ಮ ಕಡೆಯೂ ‘ಮೈ ತಣ್ಣಗಾಗು’ ಕೆಟ್ಟ ಮಾತೇನಾ?

ಇನ್ನೊಂದು ಉಳಿದಿದೆ. 48 ತಾಸಾದ ಮೇಲೆ ಮೈಯನ್ನು ಮತ್ತೆ 37ಕ್ಕೆ ತರುತ್ತಾರೆ. ಅದೂ ಎಷ್ಟು ನಿಧಾನ ಅಂದರೆ ತಾಸಿಗೆ 0.1 ಡಿಗ್ರಿ. ಇದಕ್ಕೆ ‘ಮತ್ತೆ ಬಿಸಿ ಮಾಡುವುದು’ ಎಂದು ಬರೆದು ಹೊಡೆದುಹಾಕಿದೆ. ನಿನ್ನೆಯ ಸಾರಿನ ಮಾತಾಯಿತು ಅದು. ‘ಕಾವಿಗೆ ತರುವುದು’ ಎನ್ನಬಹುದಾ, ಅಥವಾ ಕೋಳಿ ಕಾವಿಗೆ ಕೂತಂತೆ ಕೇಳಿಸುತ್ತದಾ?