ಡಿಕ್ಲೋಫೆನಾಕ್ 99 ಪಾಲು ರಕ್ತದಲ್ಲೇ ಅಂಟಿಕೊಂಡರೆ ಮಂಡಿಗೆ ಸಿಗುವುದೆಷ್ಟು?

ತೀರ್ಥಹಳ್ಳಿ ತೋಟ:
ಅಡಿಕೆ ಕೊಯ್ಲು ಶುರುವಾದಾಗಿನಿಂದ ಅಪ್ಪಯ್ಯನ ಮಂಡಿ ಊದಿದೆ. ಡಿಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಗೊಳ್ಳುತ್ತಿದ್ದಾರೆ. ಅದು ನೂರಕ್ಕೆ 99 ಪಾಲಿಗಿಂತ ಜಾಸ್ತಿ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಿಡಿಯಾಗಿ ಉಳಿದದ್ದು ಮಾತ್ರ ಕೆಲಸ ಮಾಡುತ್ತದೆ ಅಂತ ಓದಿದೆ. ಹಾಗಾದರೆ ಮಿಕ್ಕಿದ್ದೆಲ್ಲ ದಂಡ ಅಲ್ವಾ? ಎರಡೆರಡು ಕೊಟ್ಟರೆ ಹೇಗೆ?

ಸಾಗರದ ಲ್ಯಾಬ್ ಅಕ್ಕ:
ಬೇಡ ಮಾರಾಯ್ರೆ, ದಯವಿಟ್ಟು ಎರಡು ಕೊಡಬೇಡಿ. ಆ ಪ್ರೋಟೀನಿನ ಹೆಸರು ಆಲ್ಬುಮಿನ್, ಲಿವರ್ ತಯಾರಿಸುತ್ತದೆ. ಅದು ಮಾತ್ರೆಯನ್ನು ಗೋಂದಿನ ಹಾಗೆ ಹಿಡಿದುಕೊಳ್ಳುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಬಿಡಿ ಔಷಧಿ ಖರ್ಚಾದ ಹಾಗೆ ಅಂಟಿದ್ದು ಬಿಟ್ಟುಕೊಂಡು ಬರುತ್ತದೆ. ಡೋಸ್ ನಿಗದಿ ಮಾಡುವಾಗ ಇದೆಲ್ಲ ಲೆಕ್ಕಕ್ಕೆ ಬಂದಿರುತ್ತದೆ. ಇನ್ನೊಂದು, ಊದಿದ ಮಂಡಿಯಲ್ಲಿ ಸಣ್ಣ ರಕ್ತನಾಳಗಳು ಸೋರುತ್ತವೆ, ಆಲ್ಬುಮಿನ್ ಔಷಧಿ ಹೊತ್ತುಕೊಂಡೇ ಅಲ್ಲಿಗೆ ಇಳಿಯುತ್ತದೆ. ರಕ್ತದಲ್ಲಿ ಡಿಕ್ಲೋಫೆನಾಕ್ ಒಂದೆರಡು ಗಂಟೆಗೆ ಅರ್ಧವಾದರೂ ಮಂಡಿಯ ನೀರಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ.

ಹೊಸನಗರ ಫಾರ್ಮಸಿ:
ಅಕ್ಕ ಹೇಳಿದ್ದು ಸರಿ, ಆದರೆ ಅಪಾಯದ ಮಾತು ಬಿಟ್ಟುಹೋಯಿತು. ಆಲ್ಬುಮಿನ್‌ನಲ್ಲಿ ಔಷಧಿ ಕೂರುವ ಮುಖ್ಯ ಜಾಗ ಎರಡು. ಸಡ್ಲೋ, ಬರ್ಕೆಟ್, ವೇಡ್ ಎಂಬ ವಿಜ್ಞಾನಿಗಳು 1975ರಲ್ಲೇ ತೋರಿಸಿದ್ದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೊದಲನೆಯದರಲ್ಲಿ, ನೋವಿನ ಮಾತ್ರೆ ಐಬುಪ್ರೊಫೆನ್ ಮುಖ್ಯವಾಗಿ ಎರಡನೆಯದರಲ್ಲಿ. ಒಂದೇ ಜಾಗಕ್ಕೆ ಎರಡು ಔಷಧಿ ಬಂದರೆ ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ವಾರ್ಫರಿನ್ 99 ಪಾಲು ಅಂಟಿದ್ದದ್ದು 98ಕ್ಕೆ ಇಳಿದರೆ ಬಿಡಿ ವಾರ್ಫರಿನ್ ಒಂದರಿಂದ ಎರಡಾಯಿತು, ಅಂದರೆ ದುಪ್ಪಟ್ಟು!

ಭದ್ರಾವತಿ ಹುಡುಗ:
ನಮ್ಮ ದೊಡ್ಡಮ್ಮನಿಗೆ ಹೀಗೇ ಆಗಿತ್ತು. ವಾರ್ಫರಿನ್ ಜೊತೆ ಸೊಂಟನೋವಿಗೆ ಅಂತ ಮೆಡಿಕಲ್‌ನಿಂದ ತಂದ ಮಾತ್ರೆ ನುಂಗಿ, ನಾಲ್ಕೇ ದಿನಕ್ಕೆ ಹೊಟ್ಟೆಯೊಳಗೆ ರಕ್ತ ಸೋರಿ ಮಲ ಡಾಂಬರಿನ ಹಾಗೆ ಕಪ್ಪಗಾಯಿತು. ಆ ಹೆದರಿಕೆ ಈಗಲೂ ಹೋಗಿಲ್ಲ.

ಸಾಗರದ ಲ್ಯಾಬ್ ಅಕ್ಕ:
ದೊಡ್ಡಮ್ಮ ಈಗ ಹುಷಾರಾಗಿದ್ದಾರಾ? ಅಪಾಯ ನಿಜ. ಕಾರಣ ಮಾತ್ರ ಅದಲ್ಲ ಅಂತ ನನ್ನ ವಾದ. ದುಪ್ಪಟ್ಟಾದ ಬಿಡಿ ಔಷಧಿಯನ್ನು ಲಿವರ್ ಸುಮ್ನೆ ನೋಡುತ್ತಾ ಕೂರುವುದಿಲ್ಲ, ಅಷ್ಟೇ ಜೋರಾಗಿ ಖಾಲಿ ಮಾಡುತ್ತದೆ. ಸ್ವಲ್ಪ ದಿನದಲ್ಲಿ ಮಟ್ಟ ಮೊದಲಿನಂತೆ ಆಗುತ್ತದೆ. ಈ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರ ಕೆಡಿಸುತ್ತವೆ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಗುಂಪು ಸೇರದಂತೆ ತಡೆಯುತ್ತವೆ. ಹುಣ್ಣಾದ ಜಾಗದಲ್ಲಿ ರಕ್ತ ನಿಲ್ಲದಿದ್ದರೆ ಇನ್ನೇನಾಗುತ್ತದೆ ಹೇಳಿ?

ಹೊಸನಗರ ಫಾರ್ಮಸಿ:
ಒಪ್ಪಿದೆ. ಹಳೆಯ ನೋವಿನ ಮಾತ್ರೆ ಫಿನೈಲ್‌ಬ್ಯುಟಜೋನ್ ವಿಷಯದಲ್ಲೂ ಮೊದಲು ಆಲ್ಬುಮಿನ್ ಮೇಲೇ ತಪ್ಪು ಹೊರಿಸಿದ್ದರು. ಆಮೇಲೆ ನೋಡಿದರೆ ಅದು ವಾರ್ಫರಿನ್ ಒಡೆಯುವ ಲಿವರ್ ಕೆಲಸವನ್ನೇ ತಡೆಯುತ್ತಿತ್ತು. ಆದರೂ ಆಲ್ಬುಮಿನ್ ಕಡಿಮೆ ಇರುವವರಲ್ಲಿ ಜಾಗ್ರತೆ ಬೇಕೇ ಬೇಕು. ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕಾದದ್ದು ಲಿವರ್, ಕಿಡ್ನಿ ಕೆಟ್ಟವರಲ್ಲಿ ಇಳಿದಿರುತ್ತದೆ.

ತೀರ್ಥಹಳ್ಳಿ ತೋಟ:
ಅಪ್ಪಯ್ಯನಿಗೆ ವಾರ್ಫರಿನ್ ಇಲ್ಲ. ಆದರೆ ಒಂದು ವಾರದಿಂದ ಸಂಜೆ ಹೊತ್ತಿಗೆ ಎರಡೂ ಪಾದ ಊದುತ್ತಿವೆ. ತೋಟದಲ್ಲಿ ನಿಂತೂ ನಿಂತೂ ಇರಬೇಕು ಅಂದುಕೊಂಡಿದ್ದೆ.

ಸಾಗರದ ಲ್ಯಾಬ್ ಅಕ್ಕ:
ಇದನ್ನು ಮೊದಲೇ ಹೇಳಬೇಕಿತ್ತು ತಮ್ಮ. ಈ ಮಾತ್ರೆಗಳಿಂದಲೇ ಮೈಯಲ್ಲಿ ಉಪ್ಪು, ನೀರು ನಿಂತು ಕಾಲು ಊದಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಇವತ್ತಿಂದ ಮಾತ್ರೆ ನಿಲ್ಲಿಸಿ. ನಾಳೆಯೇ ಡಾಕ್ಟರಿಗೆ ತೋರಿಸಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ), ಆಲ್ಬುಮಿನ್, ಮೂತ್ರ ಮೂರೂ ನೋಡಬೇಕಾ ಅಂತ ಕೇಳಿ.

ತೀರ್ಥಹಳ್ಳಿ ತೋಟ:
ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೊರಡುತ್ತೇನೆ ಅಕ್ಕ. ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.